ಸೋಲಾರ್ ಗಾಜು: ಎಷ್ಟು ಬೆಳಕು, ಎಷ್ಟು ಕರೆಂಟು?

ಕಟ್ಟಡದ ಚಾವಣಿಗೂ ಕಿಟಕಿಗೂ ಬಳಸಬಹುದಾದ, ವಿದ್ಯುತ್ ಉತ್ಪಾದಿಸುವ ಗಾಜಿನ ಬಗ್ಗೆ ಕೊಡಗಿನ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಮೊದಲನೆಯ ಪ್ರಶ್ನೆಗೆ ಕೊಟ್ಟ ಉತ್ತರ ದೀರ್ಘವಾಗಿದೆ. ಉಳಿದವುಗಳಿಗೆ ಬೇಕಾದ ಲೆಕ್ಕವೆಲ್ಲ ಬಹುಮಟ್ಟಿಗೆ ಅದರಲ್ಲಿಯೇ ಇರುವುದರಿಂದ ಅದನ್ನು ಮೊದಲು ಓದಬೇಕೆಂದು ಕೋರುತ್ತೇವೆ.

ಪ್ರಶ್ನೆ: ನಮ್ಮ ಐನ್‌ಮನೆಯ (ಕುಟುಂಬದ ಹಿರಿಯರ ಕಾಲದ ಮೂಲಮನೆಯ) ನಡು ಅಂಗಳಕ್ಕೆ ಮಳೆಯ ಎರಚಲು ಬಾರದಂತೆ ಗಾಜಿನ ಹೊದಿಕೆ ಹಾಕಿಸಬೇಕೆಂದು ಕುಟುಂಬದವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಅಂಗಳ ಸುಮಾರು ಹತ್ತು ಅಡಿ ಚೌಕ. ಹೊದಿಕೆ ಬರುವುದು ನೆಲದಿಂದ ಹದಿನಾರು ಅಡಿ ಎತ್ತರದಲ್ಲಿ. ಸಾದಾ ಗಾಜಿನ ಬದಲು ಸೌರಕೋಶಗಳಿರುವ ಗಾಜು ಹಾಕಿಸಿದರೆ ಕರೆಂಟೂ ಸಿಗುತ್ತದೆ ಎಂದು ಮಾರಾಟಗಾರರು ಹೇಳಿ, ‘ಶೇ 30 ಪಾರದರ್ಶಕ’ ಎಂದು ಬರೆದ ಮಾದರಿಯೊಂದನ್ನು ತೋರಿಸಿದರು. ಮಳೆಗಾಲದಲ್ಲಿ ಮನೆಯೊಳಗೆ ಕತ್ತಲಾಗುವುದೇ? (ಓದುಗರು, ಮಡಿಕೇರಿ ತಾಲ್ಲೂಕು)

ಉತ್ತರ: ಆ ಶೇ 30 ಯಾವುದರ ಲೆಕ್ಕ ಎಂದು ಮಾರಾಟಗಾರರನ್ನು ಮೊದಲು ಕೇಳಿರಿ. ಎರಡು ಗಾಜಿನ ಹಾಳೆಗಳ ನಡುವೆ ಸಿಲಿಕಾನ್ ಕೋಶಗಳನ್ನು ಬಿಡಿಬಿಡಿಯಾಗಿ ಜೋಡಿಸಿ ಮಾಡುವ ಗಾಜಿನಲ್ಲಿ ಕೋಶಗಳ ಮೂಲಕ ಬೆಳಕು ಸ್ವಲ್ಪವೂ ಹಾಯುವುದಿಲ್ಲ. ಹಾಯುವುದೆಲ್ಲ ಅವುಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ. ಹೀಗಾಗಿ ಅನೇಕರು ಖಾಲಿ ಜಾಗದ ವಿಸ್ತೀರ್ಣವನ್ನೇ ಪಾರದರ್ಶಕತೆ ಎಂದು ಮುದ್ರಿಸಿಬಿಡುತ್ತಾರೆ. ಆದರೆ ಆ ಖಾಲಿ ಜಾಗದಲ್ಲಿಯೂ ಬೆಳಕು ಎರಡು ಗಾಜುಗಳನ್ನೂ ಅವುಗಳನ್ನು ಅಂಟಿಸಿರುವ ಪದರವನ್ನೂ ದಾಟಿಯೇ ಬರಬೇಕು. ಗಾಜಿನ ಹೊರಮೈಯಲ್ಲಿ ಶೇ 4ರಷ್ಟು, ಒಳಮೈಯಲ್ಲಿ ಸುಮಾರು ಅಷ್ಟೇ ಬೆಳಕು ಪ್ರತಿಫಲಿಸಿಹೋಗುತ್ತದೆ. ಗಾಜಿನಲ್ಲಿರುವ ಕಬ್ಬಿಣದ ಅಂಶ ಇನ್ನಷ್ಟನ್ನು ಹೀರಿಕೊಳ್ಳುತ್ತದೆ. ಸಾಮಾನ್ಯ 6 ಮಿಲಿಮೀಟರ್ ಗಾಜು ಕಣ್ಣಿಗೆ ಕಾಣುವ ಬೆಳಕಿನ ಶೇ 88ರಷ್ಟನ್ನು ಬಿಟ್ಟರೆ, ಎರಡು ಹಾಳೆ ಅಂಟಿಸಿದ ದಪ್ಪ ಗಾಜು ಶೇ 80ರಿಂದ 85ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಈಗ ಪ್ರಚಲಿತವಾಗಿರುವ 182 ಮಿಲಿಮೀಟರ್ ಚೌಕದ ಕೋಶಗಳ ನಡುವೆ ಎಲ್ಲ ಕಡೆಗೂ 40 ಮಿಲಿಮೀಟರ್ ಜಾಗ ಬಿಟ್ಟರೆ ಕೋಶಗಳು ಗಾಜಿನ ಶೇ 67ರಷ್ಟನ್ನು ಮುಚ್ಚುತ್ತವೆ, ಶೇ 33ರಷ್ಟು ತೆರವಾಗಿರುತ್ತದೆ. ಆ ತೆರವಿನಲ್ಲಿ ಗಾಜು ಶೇ 82ರಷ್ಟು ಬೆಳಕನ್ನು ಬಿಡುತ್ತದೆ ಎಂದುಕೊಂಡರೆ ಒಟ್ಟು ಒಳಬರುವುದು ಶೇ 27. ಶೇ 33 ಎಂದು ಬರೆದ ಗಾಜಿಗೂ ಶೇ 27 ಎಂದು ಬರೆದ ಗಾಜಿಗೂ ವ್ಯತ್ಯಾಸವೇ ಇಲ್ಲದಿರಬಹುದು. ಒಬ್ಬರು ಜಾಗವನ್ನು ಲೆಕ್ಕ ಹಾಕಿದ್ದಾರೆ, ಇನ್ನೊಬ್ಬರು ಬೆಳಕನ್ನು ಲೆಕ್ಕ ಹಾಕಿದ್ದಾರೆ. ನಿಮಗೆ ಬೇಕಾದದ್ದು ಎರಡನೆಯದು, ಅಂದರೆ ದೃಶ್ಯ ಬೆಳಕು ಹಾಯುವ ಪ್ರಮಾಣ. ಅದನ್ನು ಲಿಖಿತವಾಗಿ ಪಡೆದುಕೊಳ್ಳಿರಿ.

ಇನ್ನು ಕತ್ತಲೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಆಕಾಶ ಹೇಗಿರುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಒಂದು ಜಾಗದಲ್ಲಿ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಿಚ್ಚಳ ಬಿಸಿಲಿನ ಮಧ್ಯಾಹ್ನ ಬಯಲಿನಲ್ಲಿ ಒಂದು ಲಕ್ಷ ಲಕ್ಸ್‌ವರೆಗೆ ಬೆಳಕಿದ್ದರೆ, ದಟ್ಟ ಮೋಡದ ಹಗಲಿನಲ್ಲಿ ಅದು 10,000 ಲಕ್ಸ್‌ಗೆ, ಮಳೆ ಹಿಡಿದಾಗ 5,000 ಲಕ್ಸ್‌ಗೆ ಇಳಿಯುತ್ತದೆ. ನೀವು ತಿಳಿಸಿರುವ ಅಳತೆಯ ಅಂಗಳದ ನಟ್ಟನಡುವೆ ನೆಲದ ಮೇಲೆ ಕುಳಿತವರಿಗೆ ಆ ತೆರವಿನ ಮೂಲಕ ದೊರೆಯುವುದು, ಮೇಲೆ ಗಾಜೇ ಇಲ್ಲದಿದ್ದರೂ, ಬಯಲಿನ ಬೆಳಕಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು ಅಷ್ಟೆ. ಉಳಿದ ಆಕಾಶವನ್ನು ಸುತ್ತಲಿನ ಮಾಡು ಮರೆಮಾಡಿರುತ್ತದೆ. ಹೊರಗೆ 10,000 ಲಕ್ಸ್ ಇರುವಾಗ ತೆರೆದ ಅಂಗಳದಲ್ಲಿ 1,000ದಿಂದ 1,300 ಲಕ್ಸ್ ಎಂದಾಯಿತು. ಸಾದಾ ಅಂಟುಗಾಜು ಹಾಕಿದರೆ ಅದು 800ರಿಂದ 1,050ಕ್ಕೆ ಇಳಿಯುತ್ತದೆ. ಶೇ 27ರ ಸೋಲಾರ್ ಗಾಜು ಹಾಕಿದರೆ 270ರಿಂದ 350 ಲಕ್ಸ್. ಸುಣ್ಣ ಬಳಿದ ಗೋಡೆಯಿದ್ದರೆ ಪ್ರತಿಫಲನದಿಂದ ಇನ್ನು ಸ್ವಲ್ಪ ಸೇರುತ್ತದೆ. ಗಾಢ ಬಣ್ಣದ ಮರದ ಕಂಬ, ಹಲಗೆಗಳಿದ್ದರೆ ಅದೂ ಇಲ್ಲ.

ಓದಲು ಸುಮಾರು 300 ಲಕ್ಸ್ ಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗಾಗಿ ಅಂಗಳದ ನಡುವೆ ಹೇಗೋ ಸಾಗುತ್ತದೆ. ಆದರೆ ಐನ್‌ಮನೆಯಲ್ಲಿ ಅಂಗಳವಿರುವುದು ಅಂಗಳಕ್ಕಾಗಿ ಮಾತ್ರವಲ್ಲ. ಸುತ್ತಲಿನ ಕೋಣೆಗಳಿಗೂ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಗೂ ಹಗಲಿನ ಬೆಳಕು ಬಹುಪಾಲು ಅಲ್ಲಿಂದಲೇ ಹರಿದುಬರಬೇಕು. ಅಂಗಳದ ಬೆಳಕು ಮೂರನೆಯ ಒಂದು ಪಾಲಿಗೆ ಇಳಿದರೆ ಒಳಕೋಣೆಗಳ ಬೆಳಕೂ ಸರಿಸುಮಾರು ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಮತ್ತು ಅಲ್ಲಿ ಮೊದಲೇ ಇದ್ದದ್ದು ಕಡಿಮೆ. ಆಷಾಢದ ಮಧ್ಯಾಹ್ನ ಎರಡು ಗಂಟೆಗೆ ಒಳಗೆ ದೀಪ ಹಾಕಬೇಕಾಗಿ ಬಂದರೆ, ಮೇಲಿನ ಗಾಜು ಆ ಹೊತ್ತಿನಲ್ಲಿ ಉತ್ಪಾದಿಸುವ ಅಲ್ಪ ವಿದ್ಯುತ್ತಿನ ಒಂದು ಭಾಗ ಅದೇ ದೀಪಕ್ಕೆ ಹೋಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನೂ ನೋಡೋಣ. ಮೇಲೆ ಹೇಳಿದ ಜೋಡಣೆಯಲ್ಲಿ ಒಂದು ಚದರ ಮೀಟರ್‌ಗೆ ಸುಮಾರು 140 ವಾಟ್ ಸಾಮರ್ಥ್ಯ ಬರುತ್ತದೆ. ನಿಮ್ಮ ಒಂಬತ್ತು ಚದರ ಮೀಟರ್‌ಗೆ ಒಂದೂಕಾಲು ಕಿಲೋವಾಟ್. ಈ ಅಂಕಿ ಪ್ರಯೋಗಾಲಯದ್ದು: ಚದರ ಮೀಟರ್‌ಗೆ 1,000 ವಾಟ್ ಬಿಸಿಲು ಬೀಳುತ್ತಿದ್ದು, ಕೋಶದ ಉಷ್ಣತೆ 25 ಡಿಗ್ರಿ ಇರುವಾಗ ಅಳೆದದ್ದು. ಒಳ್ಳೆಯ ಬಿಸಿಲಿನ ದಿನ ನಾಲ್ಕೈದು ಯೂನಿಟ್ ಸಿಕ್ಕೀತು, ದಟ್ಟ ಮೋಡದ ದಿನ ಒಂದು ಯೂನಿಟ್‌ನ ಆಸುಪಾಸು. ಅದೂ ಹೊದಿಕೆಯು ಸುತ್ತಲಿನ ಮಾಡಿಗಿಂತ ಮೇಲಿದ್ದರೆ ಮಾತ್ರ. ಸೂರಿನ ಮಟ್ಟದಲ್ಲಿ ಕೂರಿಸಿದರೆ ಬೆಳಗ್ಗೆ ಪೂರ್ವದ ಮಾಡಿನ ನೆರಳು, ಸಂಜೆ ಪಶ್ಚಿಮದ ಮಾಡಿನ ನೆರಳು ಅದರ ಮೇಲೆ ಬೀಳುತ್ತದೆ; ಕೋಶಗಳು ಸಾಲಾಗಿ ಜೋಡಣೆಗೊಂಡಿರುವುದರಿಂದ ಕೆಲವೇ ಕೋಶಗಳ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯುತ್ತದೆ.

ಇಷ್ಟೇ ಸಾಮರ್ಥ್ಯದ ಸಾಮಾನ್ಯ ಸೋಲಾರ್ ಪ್ಯಾನೆಲ್‌ಗಳಿಗೆ ಆರು ಚದರ ಮೀಟರ್ ಜಾಗ ಸಾಕು. ಕೊಟ್ಟಿಗೆಯ ಮೇಲೋ ಕಾಫಿ ಗೋದಾಮಿನ ತಗಡಿನ ಮೇಲೋ ಅವು ಕುಳಿತುಕೊಳ್ಳುತ್ತವೆ, ತೊಳೆಯುವುದೂ ಸುಲಭ, ಬೆಲೆಯೂ ಕಡಿಮೆ. ಆದ್ದರಿಂದ ನಮ್ಮ ಸಲಹೆ ಇಷ್ಟು: ಅಂಗಳಕ್ಕೆ ಸಾದಾ ಅಂಟುಗಾಜು ಹಾಕಿಸಿರಿ, ವಿದ್ಯುತ್ತನ್ನು ಬೇರೆ ಮಾಡಿನ ಮೇಲೆ ಬೆಳೆಯಿರಿ. ಕುಟುಂಬದ ಕಿರಿಯರು ಸೋಲಾರ್ ಗಾಜೇ ಬೇಕೆಂದು ಪಟ್ಟು ಹಿಡಿದರೆ, ನಡುವಿನ ಹಲಗೆಗಳು ಸಾದಾ ಗಾಜಿನವಾಗಿರಲಿ, ಅಂಚಿನ ಸುತ್ತಿನ ಹಲಗೆಗಳಲ್ಲಿ ಮಾತ್ರ ಕೋಶಗಳಿರಲಿ. ನೆತ್ತಿಯ ಮೇಲಿನ ಆಕಾಶವೇ ಮೋಡದ ದಿನ ಹೆಚ್ಚು ಪ್ರಕಾಶಮಾನವಾಗಿರುವುದರಿಂದ ಮಧ್ಯದ ತೆರವಿನಿಂದ ನೆಲಕ್ಕೆ ಬರುವ ಬೆಳಕು ಅಂಚಿನದಕ್ಕಿಂತ ಬೆಲೆಯುಳ್ಳದ್ದು. ಐದೈದು ಮಿಲಿಮೀಟರ್‌ನ ಎರಡು ಹಾಳೆಗಳೆಂದರೆ ಗಾಜೇ ಚದರ ಮೀಟರ್‌ಗೆ 25 ಕಿಲೋ ತೂಗುತ್ತದೆ. ಹಳೆಯ ಮರದ ತೊಲೆಗಳ ಮೇಲೆ ಅದನ್ನು ಹೊರಿಸುವ ಮುನ್ನ ಬಲ್ಲವರಿಂದ ಪರೀಕ್ಷೆ ಮಾಡಿಸುವುದು ಅಗತ್ಯ. ಪಕ್ಕಗಳಲ್ಲಿ ಗಾಳಿಯಾಡಲು ಒಂದಡಿಯಾದರೂ ಸಂದು ಬಿಡದಿದ್ದರೆ ಗಾಜಿನ ಒಳಮೈಯಲ್ಲಿ ನೀರು ಬೆವೆತು ಕೆಳಗೆ ತೊಟ್ಟಿಕ್ಕುತ್ತದೆ.

ಪ್ರಶ್ನೆ: ನಮ್ಮ ಹೋಂಸ್ಟೇಯ ಪಶ್ಚಿಮದ ಕೈಯಾಲೆಯನ್ನು (ಜಗಲಿಯನ್ನು) ಗಾಜಿನಿಂದ ಮುಚ್ಚಲಿದ್ದೇವೆ. ಅಲ್ಲಿ ಕುಳಿತರೆ ಬೆಟ್ಟ ಕಾಣುತ್ತದೆ, ಅತಿಥಿಗಳು ಬರುವುದೇ ಅದಕ್ಕಾಗಿ. ಸಂಪೂರ್ಣ ಪಾರದರ್ಶಕವಾದ ಸೋಲಾರ್ ಗಾಜು ಬಂದಿದೆ ಎಂದು ವಿಡಿಯೊವೊಂದರಲ್ಲಿ ನೋಡಿದೆ. ನಿಜವೇ? (ಓದುಗರು, ನಾಪೋಕ್ಲು)

ಉತ್ತರ: ಅದರ ಹಿಂದಿನ ತತ್ತ್ವ ನಿಜ. ನೆಲಕ್ಕೆ ತಲುಪುವ ಸೌರಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ಕಡಿಮೆ. ಸುಮಾರು ಅರ್ಧದಷ್ಟು ಅವಗೆಂಪು ಕಿರಣಗಳಲ್ಲಿದೆ, ಸ್ವಲ್ಪ ನೇರಳಾತೀತದಲ್ಲಿದೆ. ಕಾಣುವ ಬೆಳಕನ್ನು ಪೂರ್ತಿ ಬಿಟ್ಟು, ಕಾಣದ ಕಿರಣಗಳನ್ನು ಮಾತ್ರ ಹಿಡಿದು ವಿದ್ಯುತ್ತಾಗಿಸುವ ಗಾಜನ್ನು ಸಂಶೋಧಕರು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದಾರೆ. ಅಂಥ ಒಂಟಿ ಪದರದ ಕೋಶದ ದಕ್ಷತೆಗೆ ಇರುವ ಸೈದ್ಧಾಂತಿಕ ಮಿತಿ ಶೇ 20ರ ಆಸುಪಾಸು. ಕೈಗೆ ಬಂದಿರುವುದು ಅದಕ್ಕಿಂತ ಬಹಳ ಕಡಿಮೆ.

ಇಂದು ಕೊಳ್ಳಲು ಸಿಗುವುದು ಬೇರೆ. ಒಂದು, ಮೇಲೆ ವಿವರಿಸಿದ ಬಿಡಿ ಕೋಶಗಳ ಗಾಜು. ಬರ್ಲಿನ್ ನಗರದಲ್ಲಿ 2006ರಲ್ಲಿ ತೆರೆದ ಮುಖ್ಯ ರೈಲು ನಿಲ್ದಾಣದ ಗಾಜಿನ ಚಾವಣಿಯಲ್ಲಿರುವುದು ಇಂಥದ್ದೇ. ಎತ್ತರದ ಚಾವಣಿಗೆ ಅದು ಒಪ್ಪುತ್ತದೆ, ಕಣ್ಣಿನ ಮಟ್ಟದಲ್ಲಿ ನೋಟಕ್ಕೆ ಅಡ್ಡ ಬರುತ್ತದೆ. ಇನ್ನೊಂದು, ಕ್ಯಾಡ್ಮಿಯಂ ಟೆಲ್ಯುರೈಡ್ ಅಥವಾ ಅಸ್ಫಟಿಕ ಸಿಲಿಕಾನ್‌ನ ತೆಳುಪದರವನ್ನು ಗಾಜಿನ ಮೇಲೆ ಹರಡಿ, ಲೇಸರ್‌ನಿಂದ ಅಲ್ಲಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಕೆರೆದು ತೆಗೆದು ಬೆಳಕಿಗೆ ದಾರಿ ಮಾಡಿದ ಗಾಜು. ಇದನ್ನು ಶೇ 10ರಿಂದ 40, 50ರವರೆಗೂ ಬೇಕಾದ ಪ್ರಮಾಣದಲ್ಲಿ ತಯಾರಿಸುತ್ತಾರೆ. ದೂರದಿಂದ ಬೂದುಬಣ್ಣದ ಗಾಜಿನಂತೆ ಕಾಣುತ್ತದೆ, ಆಚೆಗಿನ ನೋಟವೂ ದೊರೆಯುತ್ತದೆ. ಆದರೆ ಕೆರೆದು ತೆಗೆದ ಭಾಗ ವಿದ್ಯುತ್ ಕೊಡುವುದಿಲ್ಲ. ಬೆಳಕನ್ನು ಒಳಗೂ ಬಿಟ್ಟು ಅದೇ ಬೆಳಕಿನಿಂದ ಕರೆಂಟನ್ನೂ ತೆಗೆಯುವ ಗಾಜು ಇಲ್ಲ. ಶೇ 40 ಬಿಡುವ ಗಾಜಿನ ಸಾಮರ್ಥ್ಯ ಪೂರ್ತಿ ಮುಚ್ಚಿದ ಗಾಜಿನದಕ್ಕಿಂತ ಅದೇ ಅನುಪಾತದಲ್ಲಿ ಕಡಿಮೆ.

ನಿಮ್ಮ ಕೈಯಾಲೆಯ ಗಾಜು ನೆಟ್ಟಗೆ ನಿಂತಿರುತ್ತದೆ, ಪಶ್ಚಿಮಕ್ಕೆ ಮುಖ ಮಾಡಿರುತ್ತದೆ. 12 ಡಿಗ್ರಿ ಉತ್ತರ ಅಕ್ಷಾಂಶದ ಕೊಡಗಿನಲ್ಲಿ ಮಧ್ಯಾಹ್ನದ ಸೂರ್ಯ ಡಿಸೆಂಬರ್‌ನಲ್ಲೂ 54 ಡಿಗ್ರಿ ಮೇಲಿರುತ್ತಾನೆ, ಏಪ್ರಿಲ್ ಕೊನೆಯಲ್ಲಿ ನೆತ್ತಿಯ ಮೇಲೆಯೇ ಹಾಯುತ್ತಾನೆ. ನೆಟ್ಟಗಿರುವ ಗಾಜಿಗೆ ವರ್ಷದಲ್ಲಿ ದೊರೆಯುವ ಬಿಸಿಲು ಚಾವಣಿಗೆ ದೊರೆಯುವುದರ ಅರ್ಧದಷ್ಟು ಮಾತ್ರ. ಅದರ ಮೇಲೆ ತೋಟದ ಸಿಲ್ವರ್ ಓಕ್ ಮರಗಳ ನೆರಳು. ನೋಟವನ್ನು ಮಸುಕು ಮಾಡಿಕೊಂಡು ಇಷ್ಟು ಕಡಿಮೆ ವಿದ್ಯುತ್ ಪಡೆಯುವುದಕ್ಕೆ ನಾವು ಹೂಂ ಎನ್ನಲಾರೆವು. ಬೆಟ್ಟ ನೋಡಲು ಬರುವವರಿಗೆ ಬೆಟ್ಟ ಚೆನ್ನಾಗಿ ಕಾಣಲಿ.

ಪ್ರಶ್ನೆ: ಕಾಫಿ ಒಣಗಿಸುವ ಕಣಕ್ಕೂ, ಪಕ್ಕದ ಸಸಿಮಡಿಗೂ ಒಂದೇ ಚಾವಣಿ ಹಾಕಿಸುವ ಯೋಚನೆಯಿದೆ. ಕೊಯ್ಲಿನ ಸಮಯದಲ್ಲಿ ಅಕಾಲ ಮಳೆ ಬಂದು ತೊಂದರೆಯಾಗುತ್ತಿದೆ. ಅರೆಪಾರದರ್ಶಕ ಸೋಲಾರ್ ಗಾಜು ಎರಡಕ್ಕೂ ಆದೀತೇ? (ಬೆಳೆಗಾರರು, ಸುಂಟಿಕೊಪ್ಪ)

ಉತ್ತರ: ಕಣಕ್ಕೆ ಬೇಡ, ಸಸಿಮಡಿಗೆ ಯೋಚಿಸಬಹುದು.

ಕಾಫಿ ಒಣಗಲು ಬೇಕಾದದ್ದು ಶಾಖ ಮತ್ತು ಗಾಳಿ. ಹಣ್ಣಿನಲ್ಲಿರುವ ತೇವವನ್ನು ಶೇ 11ರ ಆಸುಪಾಸಿಗೆ ಇಳಿಸಲು ಬಿಸಿಲಿನ ಎಲ್ಲ ಕಿರಣಗಳೂ, ಕಾಣದ ಅವಗೆಂಪೂ ಸೇರಿದಂತೆ, ಉಪಯೋಗಕ್ಕೆ ಬರುತ್ತವೆ. ಇಲ್ಲಿ ನೋಡಬೇಕಾದ ಅಂಕಿ ದೃಶ್ಯ ಬೆಳಕು ಹಾಯುವ ಪ್ರಮಾಣವಲ್ಲ. ತರಂಗಾಂತರದ ಲೆಕ್ಕದಲ್ಲಿ 300ರಿಂದ 2,500 ನ್ಯಾನೊಮೀಟರ್‌ವರೆಗಿನ ಒಟ್ಟು ಸೌರಶಕ್ತಿ ಹಾಯುವ ಪ್ರಮಾಣ. ಸಿಲಿಕಾನ್ ಕೋಶ 1,100 ನ್ಯಾನೊಮೀಟರ್‌ವರೆಗಿನ ಕಿರಣಗಳಿಂದ ವಿದ್ಯುತ್ ತೆಗೆಯುತ್ತದೆ, ಮಿಕ್ಕದ್ದರಲ್ಲಿ ಬಹುಪಾಲನ್ನು ತಾನೇ ಹೀರಿ ಬಿಸಿಯಾಗುತ್ತದೆ. ಆ ಶಾಖದ ಹೆಚ್ಚಿನ ಭಾಗ ಗಾಜಿನ ಮೇಲ್ಮೈಯಿಂದ ಹೊರಗಾಳಿಗೆ ಹೋಗಿಬಿಡುತ್ತದೆ. ಡಿಸೆಂಬರ್, ಜನವರಿಯ ಒಳ್ಳೆಯ ಬಿಸಿಲನ್ನು ಕಣದಿಂದ ಕಸಿದು ಒಣಗುವ ದಿನಗಳನ್ನು ಹೆಚ್ಚಿಸಿಕೊಳ್ಳುವುದರಲ್ಲಿ ಲಾಭವಿಲ್ಲ. ಕಣದ ಮೇಲೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಯೋ, ಹಸಿರುಮನೆಗೆ ಹಾಕುವ ಪ್ಲಾಸ್ಟಿಕ್ ಹಾಳೆಯೋ ಇರಲಿ, ತೇವದ ಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ದಾರಿಯಿರಲಿ.

ಸಸಿಮಡಿಯ ಕಥೆ ಬೇರೆ. ಕಾಫಿ ಸಸಿಗಳಿಗೆ ಹೇಗೂ ನೆರಳು ಬೇಕು. ನೀವು ನೆರಳು ಬಲೆ ಕಟ್ಟಿ ಬಿಸಿಲಿನ ಅರ್ಧದಷ್ಟನ್ನು ತಡೆಯುತ್ತಲೇ ಇರುತ್ತೀರಿ. ತಡೆಯುವ ಬೆಳಕನ್ನು ವಿದ್ಯುತ್ತಾಗಿಸಿದರೆ ನಷ್ಟವೇನೂ ಇಲ್ಲ. ಆದರೆ ಇಲ್ಲಿಯೂ ಮುದ್ರಿತ ಅಂಕಿಯನ್ನು ಹಾಗೆಯೇ ನಂಬಬೇಡಿರಿ. ದೃಶ್ಯ ಬೆಳಕಿನ ಪ್ರಮಾಣವನ್ನು ಮನುಷ್ಯನ ಕಣ್ಣಿನ ಸಂವೇದನೆಗೆ ತಕ್ಕಂತೆ ತೂಗಿ ಲೆಕ್ಕ ಹಾಕುತ್ತಾರೆ, ಕಣ್ಣಿಗೆ 555 ನ್ಯಾನೊಮೀಟರ್‌ನ ಹಸಿರು ಅತಿ ಹೆಚ್ಚು ಪ್ರಕಾಶಮಾನ. ಗಿಡವಾದರೋ 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕನ್ನೆಲ್ಲ ಬಳಸುತ್ತದೆ, ಕೆಂಪನ್ನು ಚೆನ್ನಾಗಿಯೇ ಬಳಸುತ್ತದೆ. ಲೇಸರ್ ಗೆರೆಗಳಿಲ್ಲದೆ ಪದರವನ್ನೇ ತೆಳುವಾಗಿಸಿದ ಅಸ್ಫಟಿಕ ಸಿಲಿಕಾನ್ ಗಾಜು ನೀಲಿ, ಹಸಿರನ್ನು ಹೀರಿ ಕೆಂಪನ್ನು ಬಿಡುವುದರಿಂದ ಕಂದುಗೆಂಪಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಮಂಕೆನಿಸಿದರೂ ಅದರ ಕೆಳಗೆ ಸಸಿಗೆ ದೊರೆಯುವ ಬೆಳಕು ಮುದ್ರಿತ ಅಂಕಿ ಸೂಚಿಸುವುದಕ್ಕಿಂತ ಹೆಚ್ಚಿರಬಹುದು. ಬಿಡಿ ಕೋಶಗಳ ಗಾಜಾದರೆ ಬಣ್ಣ ಬದಲಾಗುವುದಿಲ್ಲ, ನೆರಳು ಚೌಕಚೌಕವಾಗಿ ಬಿದ್ದು ಹಗಲಿಡೀ ಸರಿಯುತ್ತಿರುತ್ತದೆ. ನೆರಳು ಬಲೆಗೆ ಹೋಲಿಸಿದರೆ ಖರ್ಚು ಎಷ್ಟೋ ಪಟ್ಟು ಹೆಚ್ಚು, ಬಲೆಯನ್ನು ಮಳೆಗಾಲಕ್ಕೆ ತೆಗೆದಿಡಬಹುದು, ಗಾಜನ್ನು ತೆಗೆಯಲಾಗುವುದಿಲ್ಲ. ದೊಡ್ಡ ನರ್ಸರಿಯವರು ಒಂದು ಮಡಿಯ ಮೇಲೆ ಪ್ರಯೋಗಿಸಿ ನೋಡಬಹುದು.

ಪ್ರಶ್ನೆ: ಗಾಜಿನಲ್ಲಿ ಬೆಳಕು ಹಾಯುವ ಪ್ರಮಾಣವನ್ನು ಹೇಗೆ ಅಳೆಯುತ್ತಾರೆ? ನಾವೇ ಲಕ್ಸ್ ಮೀಟರ್‌ನಿಂದ ಪರೀಕ್ಷಿಸಬಹುದೇ? ಇದಕ್ಕೆ ಭಾರತದಲ್ಲಿ ನಿಯಮವಿದೆಯೇ? (ಡಿಪ್ಲೊಮಾ ವಿದ್ಯಾರ್ಥಿ, ಕುಶಾಲನಗರ)

ಉತ್ತರ: ಕಟ್ಟಡದ ಗಾಜಿಗೆ ಐಎಸ್‌ಒ 9050 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ 380ರಿಂದ 780 ನ್ಯಾನೊಮೀಟರ್‌ವರೆಗೆ ಪ್ರತಿ ತರಂಗಾಂತರದಲ್ಲಿ ಎಷ್ಟು ಬೆಳಕು ದಾಟಿತೆಂದು ಅಳೆದು, ಡಿ65 ಎಂದು ಕರೆಯುವ ಮಾನಕ ಹಗಲು ಬೆಳಕಿಗೂ ಕಣ್ಣಿನ ಸಂವೇದನೆಗೂ ಹೊಂದಿಸಿ ಒಂದೇ ಅಂಕಿಗೆ ತರುತ್ತಾರೆ. ಸೋಲಾರ್ ಗಾಜಿನಲ್ಲಿ ಒಂದು ತೊಡಕಿದೆ. ಯಂತ್ರದ ಬೆಳಕಿನ ಚುಕ್ಕೆ ಬಹಳ ಚಿಕ್ಕದು. ಅದು ಕೋಶದ ಮೇಲೆ ಬಿದ್ದರೆ ಸೊನ್ನೆ, ಸಂದಿನಲ್ಲಿ ಬಿದ್ದರೆ ಶೇ 80ಕ್ಕೂ ಹೆಚ್ಚು. ಆದ್ದರಿಂದ ಎರಡನ್ನೂ ಬೇರೆಬೇರೆ ಅಳೆದು ವಿಸ್ತೀರ್ಣಕ್ಕೆ ತಕ್ಕಂತೆ ಕೂಡಿಸಬೇಕು.

ಇನ್ನೊಂದು ಅಂಶವನ್ನು ಕೈಪಿಡಿಗಳು ಹೇಳುವುದಿಲ್ಲ. ಈ ಅಳತೆ ಗಾಜಿಗೆ ನೇರವಾಗಿ ಬೀಳುವ ಬೆಳಕಿನದು. ಓರೆ ಹೆಚ್ಚಿದಂತೆ, ಅದರಲ್ಲೂ 60 ಡಿಗ್ರಿ ದಾಟಿದ ಮೇಲೆ, ಪ್ರತಿಫಲನ ಏರಿ ಒಳಹೋಗುವ ಬೆಳಕು ತೀವ್ರವಾಗಿ ಇಳಿಯುತ್ತದೆ. ಮೋಡದ ದಿನ ಬೆಳಕು ಎಲ್ಲ ದಿಕ್ಕುಗಳಿಂದಲೂ ಬರುವುದರಿಂದ ನಿಜವಾಗಿ ಹಾಯುವ ಪ್ರಮಾಣ ಮುದ್ರಿತ ಅಂಕಿಗಿಂತ ಕಡಿಮೆಯೇ. ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯನ ನೇರ ಕಿರಣ ಅಪರೂಪವಾಗುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಲಕ್ಸ್ ಮೀಟರ್‌ನಿಂದ ಅಂದಾಜು ಖಂಡಿತ ಸಿಗುತ್ತದೆ. ಒಂದೇ ತೆರನಾದ ಮೋಡ ಕವಿದ ಹೊತ್ತಿನಲ್ಲಿ, ಬಯಲಿನಲ್ಲಿ, ಒಳಗೆ ಕಪ್ಪು ಬಳಿದ ಪೆಟ್ಟಿಗೆಯ ತಳದಲ್ಲಿ ಮೀಟರ್ ಇರಿಸಿ, ಬಾಯಿಯ ಮೇಲೆ ಗಾಜು ಇಟ್ಟು ಒಮ್ಮೆ, ತೆಗೆದು ಒಮ್ಮೆ ಓದಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಕು. ಪೆಟ್ಟಿಗೆಯ ಬಾಯಿ ಎರಡು ಮೂರು ಕೋಶಗಳನ್ನಾದರೂ ಒಳಗೊಳ್ಳುವಷ್ಟು ಅಗಲವಿರಬೇಕು, ಗಾಜನ್ನು ಅತ್ತಿತ್ತ ಸರಿಸಿ ಹಲವು ಓದುಗಳ ಸರಾಸರಿ ತೆಗೆಯಬೇಕು. ಎರಡೂ ಓದುಗಳ ಅನುಪಾತ ಮಾತ್ರ ಬೇಕಾಗಿರುವುದರಿಂದ ಮೀಟರ್ ದುಬಾರಿಯದಾಗಿರಬೇಕಾಗಿಲ್ಲ.

ನಿಯಮದ ವಿಷಯ: ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತಾ, ಹೊರಗೋಡೆಯಲ್ಲಿ ಗಾಜಿನ ಪಾಲು ಶೇ 30ರ ಒಳಗಿದ್ದರೆ ಆ ಗಾಜು ಕನಿಷ್ಠ ಶೇ 27ರಷ್ಟು ದೃಶ್ಯ ಬೆಳಕನ್ನು ಬಿಡಬೇಕೆನ್ನುತ್ತದೆ, ಗಾಜಿನ ಪಾಲು ಹೆಚ್ಚಿದಂತೆ ಈ ಕನಿಷ್ಠ ಮಿತಿ ಇಳಿಯುತ್ತದೆ. ಸೆಕೆಯ ಊರುಗಳಲ್ಲಿ ಬಿಸಿಲಿನ ಶಾಖವನ್ನು ತಡೆಯುವ ಭರದಲ್ಲಿ ಮನೆಯನ್ನೇ ಕತ್ತಲು ಮಾಡಿಬಿಡಬಾರದೆಂಬ ಎಚ್ಚರ ಇದರ ಹಿಂದಿದೆ. ಸೋಲಾರ್ ಗಾಜಿನ ಮಾರಾಟಗಾರರು ಶಾಖ ತಡೆಯುವ ಗುಣವನ್ನು ದೊಡ್ಡದಾಗಿ ಹೇಳುತ್ತಾರೆ. ರಾಯಚೂರಿಗೆ ಅದು ಸಲ್ಲುವ ಮಾತು, 1,100 ಮೀಟರ್‌ಗೂ ಮೇಲಿರುವ ಮಡಿಕೇರಿಗೆ ಅಷ್ಟಾಗಿ ಸಲ್ಲದು. ವಿದ್ಯುತ್ ಉತ್ಪಾದಿಸುವ ಕಟ್ಟಡ ಸಾಮಗ್ರಿಗೆಂದೇ 2020ರಲ್ಲಿ ಬಂದ ಐಇಸಿ 63092 ಮಾನಕವನ್ನೂ ನೀವು ಗ್ರಂಥಾಲಯದಲ್ಲಿ ನೋಡಬಹುದು.

ಪ್ರಶ್ನೆ: ನಮ್ಮ ಮನೆಯ ಸಾದಾ ಗಾಜಿನ ಹೆಂಚುಗಳೇ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರುಗಟ್ಟುತ್ತವೆ. ಸೋಲಾರ್ ಗಾಜು ಹೇಗೆ ಬಾಳಿಕೆ ಬಂದೀತು? (ಗೃಹಿಣಿ, ಭಾಗಮಂಡಲ)

ಉತ್ತರ: ಪಾಚಿ ಅದನ್ನೂ ಬಿಡುವುದಿಲ್ಲ. ಹಸಿರುಗಟ್ಟಿದ ಗಾಜು ಒಳಗಿನ ಬೆಳಕನ್ನೂ ವಿದ್ಯುತ್ತನ್ನೂ ಒಟ್ಟಿಗೆ ಕಡಿಮೆ ಮಾಡುತ್ತದೆ. ಗಾಜನ್ನು ಮಟ್ಟಸವಾಗಿ ಕೂರಿಸದೆ ಕನಿಷ್ಠ 10 ಡಿಗ್ರಿ, ಸಾಧ್ಯವಾದರೆ 15 ಡಿಗ್ರಿ ಇಳಿಜಾರಿನಲ್ಲಿ ಕೂರಿಸಿದರೆ ಮಳೆಯೇ ಬಹಳಷ್ಟನ್ನು ತೊಳೆಯುತ್ತದೆ. ಚೌಕಟ್ಟಿನ ಕೆಳ ಅಂಚು ಗಾಜಿಗಿಂತ ಎತ್ತರವಿದ್ದರೆ ಅಲ್ಲಿ ನೀರೂ ಎಲೆಗಸವೂ ನಿಂತು ಪಾಚಿ ಮೊದಲು ಅಲ್ಲಿಯೇ ಹುಟ್ಟುತ್ತದೆ, ಆದ್ದರಿಂದ ಕೆಳಬದಿಯಲ್ಲಿ ಅಂಚಿಲ್ಲದ ಜೋಡಣೆ ಕೇಳಿರಿ. ಸೆಪ್ಟೆಂಬರ್ ಕಳೆದ ಮೇಲೆ ಮೆದು ಬಟ್ಟೆ, ನೀರಿನಿಂದ ಒಮ್ಮೆ ಉಜ್ಜಿದರೆ ಸಾಕು. ತಂತಿಬ್ರಷ್ ಬೇಡ, ಬಿಸಿಲೇರಿದ ಗಾಜಿನ ಮೇಲೆ ತಣ್ಣೀರು ಎರಚುವುದೂ ಬೇಡ.

ಪಾಚಿಗಿಂತ ಹೆಚ್ಚು ಭಯಪಡಬೇಕಾದದ್ದು ಅಂಚಿನಿಂದ ಒಳಸೇರುವ ತೇವಕ್ಕೆ. ಹಾಳೆಗಳನ್ನು ಅಂಟಿಸಿದ ಪದರ ಅಂಚಿನಲ್ಲಿ ಬಿಟ್ಟುಕೊಂಡರೆ ಅಲ್ಲಿ ಹಾಲುಬಣ್ಣದ ಕಲೆ ಹಬ್ಬುತ್ತದೆ, ತೆಳುಪದರದ ಕೋಶಗಳು ತೇವಕ್ಕೆ ಬೇಗ ಕೆಡುತ್ತವೆ. ಅಂಚಿನ ಮುದ್ರೆಗೆ ಎಷ್ಟು ವರ್ಷದ ಖಾತರಿಯೆಂದು ಬೇರೆಯಾಗಿ ಕೇಳಿ ಬರೆಸಿಕೊಳ್ಳಿರಿ, ವಿದ್ಯುತ್ ಉತ್ಪಾದನೆಯ ಖಾತರಿಯಲ್ಲಿ ಅದು ಸೇರಿರಬೇಕೆಂದೇನೂ ಇಲ್ಲ. ಕೆಟ್ಟುಹೋದ ಅಥವಾ ಒಡೆದ ಗಾಜನ್ನು ಗುಜರಿಗೆ ಹಾಕಕೂಡದು. 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೌರ ಫಲಕಗಳನ್ನೂ ಸೇರಿಸಲಾಗಿದೆ. ಕ್ಯಾಡ್ಮಿಯಂ ಇರುವ ಗಾಜಾದರೆ ಅದನ್ನು ಹಿಂದಕ್ಕೆ ಪಡೆಯುವ ಒಪ್ಪಂದವನ್ನು ಖರೀದಿಯ ಸಮಯದಲ್ಲಿಯೇ ಮಾಡಿಕೊಳ್ಳುವುದು ಒಳಿತು.